ನಾಲ್ಕೇ ಬಣ್ಣದಲ್ಲಿ ಒಂದು ಮುಖ

ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣು, ಒಲೆಯ ಮಸಿ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರವಿರಲಿ, ಹಳೇ ಮೈಸೂರು ಸೀಮೆಯ ಬೇರಾವುದೇ ಊರಿರಲಿ, ಮಣ್ಣಿನ ಗೋಡೆಯ ಮನೆಗೆ ಬಳಿಯಲು ಒದಗುತ್ತಿದ್ದದ್ದು ಇಂಥ ಬಣ್ಣಗಳೇ. ತೈಲವರ್ಣದಲ್ಲಿ ಭಾವಚಿತ್ರ ಕಲಿಯಲು ಹೊರಟವರಿಗೆ ಇಂದು ಅನೇಕ ಗುರುಗಳು ಸೂಚಿಸುವ ನಾಲ್ಕು ಟ್ಯೂಬುಗಳೂ ಹೆಚ್ಚುಕಡಿಮೆ ಇವೇ: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ರೆಡ್ ಲೈಟ್, ಯೆಲ್ಲೋ ಓಕರ್, ಐವರಿ ಬ್ಲ್ಯಾಕ್. ಕಲಾವಿದರು ಇದನ್ನು ಜೋರ್ನ್ ಪ್ಯಾಲೆಟ್ ಎನ್ನುತ್ತಾರೆ.

ಈ ಮಿತಿಯ ಬೇರು ಬಹಳ ಹಳೆಯದು. ಅಲೆಕ್ಸಾಂಡರನ ಕಾಲದ ಅಪೆಲೆಸ್ ಮೊದಲಾದ ಗ್ರೀಕ್ ಚಿತ್ರಕಾರರು ನಾಲ್ಕೇ ಬಣ್ಣ ಬಳಸುತ್ತಿದ್ದರೆಂದು ರೋಮಿನ ಪ್ಲಿನಿ 1ನೇ ಶತಮಾನದಲ್ಲಿ ಬರೆದ. ಬಿಳಿ, ಹಳದಿ, ಕೆಂಪು, ಕಪ್ಪು. ಅಪೆಲೆಸನ ಒಂದು ಚಿತ್ರವೂ ಉಳಿದಿಲ್ಲ. ಮಾತು ಮಾತ್ರ ಉಳಿಯಿತು.

ಇಂಪ್ರೆಷನಿಸಂ ಹುಟ್ಟಿದ್ದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. ಅದುವರೆಗೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣ ಹೊತ್ತು ಬಯಲಿಗೆ ಹೋಗುವುದು ಸುಲಭವಾಯಿತು. ಕೋಬಾಲ್ಟ್, ಕ್ಯಾಡ್ಮಿಯಂನಂಥ ಹೊಸ ವರ್ಣಗಳೂ ಅಂಗಡಿಗೆ ಬಂದವು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಸಿದ ಮೋನೆ ಮತ್ತು ಸಂಗಡಿಗರು ನೆರಳಿನಲ್ಲೂ ನೀಲಿ, ನೇರಳೆ ಕಂಡರು. ಅವರಲ್ಲಿ ಹಲವರು ಕಪ್ಪನ್ನು ದೂರವಿಟ್ಟರು.

ಎರಡು ದಾರಿಗಳೂ ಕೂಡಿದ್ದು ಸ್ವೀಡನ್ನಿನ ಮೋರಾದಲ್ಲಿ 1860ರಲ್ಲಿ ಹುಟ್ಟಿದ ಆ್ಯಂಡರ್ಸ್ ಜೋರ್ನ್ ಕೈಯಲ್ಲಿ. ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ಇದ್ದು ಹಗುರ ಕುಂಚ, ಬೆಳಕಿನ ಆಟ ಎರಡನ್ನೂ ಒಲಿಸಿಕೊಂಡವನು ಕಪ್ಪನ್ನು ಬಿಡಲಿಲ್ಲ. 1896ರ ಸ್ವಚಿತ್ರದಲ್ಲಿ ಅವನು ಹಿಡಿದ ಪ್ಯಾಲೆಟ್ಟಿನಲ್ಲಿ ಆ ನಾಲ್ಕು ಬಣ್ಣಗಳಿವೆ.

ನಾಲ್ಕರಲ್ಲಿ ನೀಲಿಯೇ ಇಲ್ಲವಲ್ಲ? ಗುಟ್ಟು ಅಲ್ಲೇ ಇದೆ. ಕಪ್ಪಿಗೆ ಬಿಳಿ ಬೆರೆಸಿದ ಬೂದು, ಬೆಚ್ಚನೆಯ ಮೈಬಣ್ಣದ ಪಕ್ಕ ಕೂತರೆ ನೀಲಿಯಾಗಿ ಕಾಣುತ್ತದೆ. ಅದೇ ಕಪ್ಪಿಗೆ ಹಳದಿ ಸೇರಿದರೆ ಮಾಸಲು ಹಸಿರು. ಕೆಂಪು, ಓಕರ್ ಕೂಡಿಸಿ ಕಪ್ಪು ತಾಕಿಸುತ್ತ ಹೋದರೆ ನಮ್ಮವರ ಎಣ್ಣೆಗೆಂಪು, ಗೋಧಿಬಣ್ಣ, ಕಡುಗಪ್ಪು ಎಲ್ಲ ಮೈಬಣ್ಣಗಳೂ ಏಳುತ್ತವೆ. ಮಾವಿನ ತೋಪಿನ ನೆರಳಲ್ಲಿ ಕೂತ ರೈತನ ಹಣೆಯ ಮೇಲೆ ಆಕಾಶದ ತಂಪು ಬೆಳಕು ಬೀಳುತ್ತದೆ. ಅದಕ್ಕೆ ಆ ಬೂದೇ ಸಾಕು.

ಕಲಿಯುವ ಕ್ರಮವೂ ಸರಳ. ಕಣ್ಣು ಕಿರಿದಾಗಿಸಿ ನೋಡಬೇಕು. ಆಗ ರೆಪ್ಪೆ, ಸುಕ್ಕು ಮರೆಯಾಗಿ ಬೆಳಕು ಮತ್ತು ನೆರಳಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ನೆರಳನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ, ಬೆಳಕನ್ನು ಕೊನೆಗೆ ದಪ್ಪವಾಗಿ ಇಡಬೇಕು. ಇಟ್ಟ ಗೆರೆಯನ್ನು ತೀಡಿ ತೀಡಿ ನುಣುಪಾಗಿಸಬಾರದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳ ನಯ ನೋಡಿ ಬೆಳೆದ ಕಣ್ಣಿಗೆ ಇದೇ ಕಷ್ಟ. ಬಿಸಿಲಿಗೆ ಹೂಬಿಟ್ಟ ಬೆಂಗಳೂರಿನ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯ ಅವರ ಚಿತ್ರಗಳು ಆ ಅಳುಕು ಬಿಡಿಸಬಲ್ಲವು.

ಚನ್ನಪಟ್ಟಣದ ಗೊಂಬೆಯವರು ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಕಾವಿಗೆ ಕರಗಿದ ಬಣ್ಣ ಅಪ್ಪಟವಾಗಿ ಹತ್ತುತ್ತದೆ. ಆ ಗೊಂಬೆಯ ಉಜ್ವಲ ನೀಲಿ, ನೇರಳೆ ಈ ನಾಲ್ಕರಿಂದ ಹುಟ್ಟುವುದಿಲ್ಲ. ನವಿಲುಬಣ್ಣದ ರೇಷ್ಮೆ ಸೀರೆಯೂ ಅಷ್ಟೇ. ಅಂಥ ಕಡೆ ಜೋರ್ನ್ ಸಹ ನೀಲಿ ತೆಗೆದುಕೊಂಡವನೇ; ಮಿತಿ ಅವನಿಗೆ ವ್ರತವಾಗಿರಲಿಲ್ಲ. ಕಲಿಯುವವರೂ ಹಾಗೆಯೇ ಸಾಗಬಹುದು: ನಾಲ್ಕರಿಂದ ಆಗದ್ದು ಯಾವುದು ಎಂದು ಕೈಗೆ ಖಚಿತವಾಗಿ ತಿಳಿದ ದಿನ ಐದನೆಯ ಟ್ಯೂಬು ಕೊಳ್ಳಲಿ.