ಬಿಚ್ಚುವ ಸುರುಳಿಗೆ ಮೋಟಾರೇ ಬ್ರೇಕು

ತಂತಿ, ಪ್ಲಾಸ್ಟಿಕ್ ಫಿಲ್ಮ್, ಲೇಬಲ್ ಕಾಗದ ಮುಂತಾದವುಗಳನ್ನು ಸುರುಳಿಯಿಂದ ಬಿಚ್ಚಿ ಸಂಸ್ಕರಿಸುವ ಸಣ್ಣ ಘಟಕಗಳಲ್ಲಿ ಎಳೆತವನ್ನು ಕಾಯ್ದುಕೊಳ್ಳಲು ಚರ್ಮದ ಪಟ್ಟಿ ಅಥವಾ ಫೆಲ್ಟ್ ಬ್ರೇಕನ್ನು ಬಳಸುವುದುಂಟು. ಅದು ಸವೆಯುತ್ತದೆ; ಬಿಸಿಯೇರಿದಾಗ ಹಿಡಿತ ಬದಲಾಗುತ್ತದೆ. ಇದಕ್ಕೆ ಪರ್ಯಾಯವಾಗಿ ಶಾಶ್ವತ ಕಾಂತದ ಡಿ.ಸಿ. ಮೋಟಾರನ್ನು ಪರಿಶೀಲಿಸಬಹುದು.

ಈ ಮೋಟಾರಿನ ದಂಡವನ್ನು ಹೊರಗಿನಿಂದ ತಿರುಗಿಸಿದರೆ ಅದು ಜನರೇಟರಾಗುತ್ತದೆ. ತುದಿಗಳಿಗೆ ರೋಧಕವನ್ನು ಜೋಡಿಸಿದೊಡನೆ ವಿದ್ಯುತ್ ಹರಿದು, ಆ ಪ್ರವಾಹಕ್ಕೆ ಅನುಗುಣವಾಗಿ ದಂಡವನ್ನು ತಡೆಯುವ ತಿರುಚುಬಲ ಉಂಟಾಗುತ್ತದೆ. 1000 ಸುತ್ತಿಗೆ 8 ವೋಲ್ಟ್ ನೀಡುವ ಮೋಟಾರು ನಿಮಿಷಕ್ಕೆ 1500 ಸುತ್ತು ತಿರುಗಿದಾಗ 12 ವೋಲ್ಟ್ ದೊರೆಯುತ್ತದೆ. ಆರ್ಮೇಚರಿನ 1 ಓಮ್ ಹಾಗೂ ಹೊರಗಿನ 3 ಓಮ್ ಮೂಲಕ 3 ಆಂಪಿಯರ್ ಹರಿದರೆ ತಡೆಬಲ ಸುಮಾರು 0.23 ನ್ಯೂಟನ್ ಮೀಟರ್. ಹುಟ್ಟುವ 36 ವಾಟ್ ಶಾಖದಲ್ಲಿ 27 ವಾಟ್ ಹೊರಗಿನ ರೋಧಕದಲ್ಲಿಯೇ ವ್ಯಯವಾಗುವುದು ಈ ವಿಧಾನದ ದೊಡ್ಡ ಅನುಕೂಲ.

ಆದರೆ ರೋಧಕವೊಂದನ್ನು ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಎಳೆಯುವ ವೇಗ ಒಂದೇ ಇದ್ದು ಸುರುಳಿಯ ತ್ರಿಜ್ಯ 20 ಸೆಂ.ಮೀ.ಯಿಂದ 10ಕ್ಕೆ ಇಳಿದರೆ ಸುತ್ತುಗಳು ಇಮ್ಮಡಿಯಾಗಿ ತಡೆಬಲವೂ ಇಮ್ಮಡಿಯಾಗುತ್ತದೆ; ತ್ರಿಜ್ಯ ಅರ್ಧವಾದುದರಿಂದ ವಸ್ತುವಿನ ಮೇಲಿನ ಎಳೆತ ನಾಲ್ಮಡಿಯಾಗುತ್ತದೆ. ಸುರುಳಿಯ ಕೊನೆಯಲ್ಲಿ ತಂತಿ ತುಂಡಾಗುವುದು ಆಶ್ಚರ್ಯವಲ್ಲ. ಎಳೆತ ಸಮನಾಗಿರಬೇಕಾದರೆ ಒಟ್ಟು ರೋಧವೇ ನಾಲ್ಮಡಿಯಾಗತಕ್ಕದ್ದು.

ಈ ಕಾರ್ಯಕ್ಕೆ ರೋಧಕದ ಎರಡು ತುದಿಗಳಿಗೆ ಅಡ್ಡಲಾಗಿ ಮಾಸ್‌ಫೆಟ್ ಒಂದನ್ನು ಜೋಡಿಸಿ ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಲಾಗುತ್ತದೆ. ಮುಚ್ಚಿರುವ ಅವಧಿ ಹೆಚ್ಚಿದಷ್ಟೂ ಬ್ರೇಕು ಬಿಗಿ. ಎಳೆತವನ್ನು ಅಳೆಯುವ ತೂಗುತೋಳಿನ ಸಂಕೇತದಿಂದ ಈ ಅವಧಿಯನ್ನು ತಿದ್ದುತ್ತಿರಬಹುದು. ನಿಯಂತ್ರಕಕ್ಕೆ ವಿದ್ಯುತ್ ಕಡಿದುಹೋದರೂ ರೋಧಕ ಉಳಿಯುವುದರಿಂದ ಅಲ್ಪ ತಡೆಯಾದರೂ ಇರುತ್ತದೆ.

ಮೋಟಾರನ್ನು ಆರಿಸುವಾಗ ಎಚ್ಚರ ಅಗತ್ಯ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕಾರಿನ ವೈಪರ್ ಮೋಟಾರು ಇದಕ್ಕೆ ಒಗ್ಗದು. ಅದರ ವರ್ಮ್ ಗೇರು ಹೊರಗಿನಿಂದ ತಿರುಗಲೊಪ್ಪುವುದಿಲ್ಲ. ಟ್ರೆಡ್‌ಮಿಲ್ಲಿನ ಡಿ.ಸಿ. ಮೋಟಾರು ವಾಸಿ. ಸುರುಳಿ ನಿಧಾನವಾಗಿ ತಿರುಗುವುದಾದರೆ ಬೆಲ್ಟಿನಿಂದ ಮೋಟಾರಿನ ವೇಗವನ್ನು ಐದೆಂಟು ಪಟ್ಟು ಹೆಚ್ಚಿಸಬೇಕು. ಮಿತಿಮೀರಿದ ಪ್ರವಾಹದಿಂದ ಕಾಂತಗಳೇ ಶಕ್ತಿಗುಂದುವ ಅಪಾಯವಿದೆ. ನಿಂತ ಸುರುಳಿಯಲ್ಲಿ ವೋಲ್ಟೇಜೇ ಇರದ ಕಾರಣ ತಡೆಯೂ ಇರುವುದಿಲ್ಲ. ಯಂತ್ರ ನಿಂತಾಗ ಹಿಡಿದುಕೊಳ್ಳಲು ಆ ಹಳೆಯ ಚರ್ಮದ ಪಟ್ಟಿಯನ್ನೇ ಉಳಿಸಿಕೊಳ್ಳುವುದು ಲೇಸು.