ಲಾಲ್‌ಬಾಗಿನ ಬಣ್ಣ, ಕ್ಯಾಮೆರಾದ ಲೆಕ್ಕ

ಫಲಪುಷ್ಪ ಪ್ರದರ್ಶನ ಮುಗಿಯುವ ಹೊತ್ತಿಗೆ ಬೆಂಗಳೂರಿನ ಅರ್ಧ ಫೋನುಗಳಲ್ಲಿ ಒಂದೇ ಚಿತ್ರ: ಹಿಂದೆ ಗಾಜಿನ ಮನೆ, ಮುಂದೆ ಹೂವಿನ ಪಾತಿ, ನಡುವೆ ಬಂಧುಬಳಗ. ನೆನಪಿಗೆ ಅಷ್ಟು ಸಾಕು. ಉದ್ಯಾನದ ಛಾಯಾಗ್ರಹಣ ಮಾತ್ರ ಬೇರೆಯದೇ ಕಸುಬು. ಯಾವ ಗಿಡದ ಪಕ್ಕ ಯಾವುದಿರಬೇಕು ಎಂದು ತೋಟಗಾರ ಹಾಕಿದ ಲೆಕ್ಕ ಚಿತ್ರದಲ್ಲಿ ಕಾಣಬೇಕು.

ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್ ಚಿತ್ರಕಲೆ ಕಲಿತು, ದೃಷ್ಟಿ ಮಂದವಾಗುತ್ತ ಬಂದಂತೆ ತೋಟಗಾರಿಕೆಗೆ ಹೊರಳಿದವರು. ಅವರ ಉದ್ದನೆಯ ಪಾತಿಯ ಎರಡೂ ತುದಿಗಳಲ್ಲಿ ತಣ್ಣನೆಯ ಬೂದು, ನೀಲಿ. ನಡುವಿಗೆ ಬಂದಂತೆ ಹಳದಿ, ಕಿತ್ತಳೆ, ಉರಿಗೆಂಪು. ತೋಟದ ಫೋಟೊಗಳನ್ನೂ ತಾವೇ ತೆಗೆದು ತಾವೇ ತೊಳೆಯುತ್ತಿದ್ದರು. ತಮಾಷೆಯೆಂದರೆ, ತೋಟದ ಬಣ್ಣಗಳ ಬಗ್ಗೆಯೇ 1908ರಲ್ಲಿ ಅವರು ತಂದ ಪುಸ್ತಕದ ಫೋಟೊಗಳೆಲ್ಲ ಕಪ್ಪು-ಬಿಳುಪು! ಇಂದಿಗೂ ಇದು ಒಳ್ಳೆಯ ಪರೀಕ್ಷೆ. ನಿಮ್ಮ ಚಿತ್ರದ ಬಣ್ಣ ತೆಗೆದು ನೋಡಿ. ದಾರಿಯ ತಿರುವು, ಮರದ ಕಾಂಡ, ನೆರಳು ಇವಿಷ್ಟೇ ಕಣ್ಣನ್ನು ಹಿಡಿದಿಟ್ಟರೆ ಚೌಕಟ್ಟು ಗಟ್ಟಿ.

ಅದೇ 1908ರಲ್ಲಿ ಜರ್ಮನಿ ಮೂಲದ ಜಿ.ಎಚ್. ಕೃಂಬಿಗಲ್ ಬರೋಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದ ಹಿರಿಮೆ ಅವರದು. ಚಳಿಗೆ ಗುಲಾಬಿ ಟಬೂಬಿಯಾ, ಬೇಸಿಗೆ ಬರುತ್ತಿದ್ದಂತೆ ಹಳದಿಯದು, ಆಮೇಲೆ ಜಕರಂದಾದ ನೇರಳೆ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರಿನ ಕೆಂಪು. ಫೋಟೊ ತೆಗೆಯುವವರಿಗೆ ಇದೇ ಪಂಚಾಂಗ.

ಬಣ್ಣ ಹೆಚ್ಚಿದಷ್ಟೂ ಚಿತ್ರ ಕೆಡುತ್ತದೆ. ಒಂದು ಬಣ್ಣ ಯಜಮಾನ, ಇನ್ನೊಂದು ಅತಿಥಿ. ಮೂರನೆಯದಕ್ಕೆ ಬಾಗಿಲಲ್ಲೇ ತಡೆ. ಹಳದಿ ಟಬೂಬಿಯಾಕ್ಕೆ ನೀಲಿ ಆಕಾಶ ಹೊಂದುತ್ತದೆ, ಗುಲ್‌ಮೊಹರಿಗೆ ಹಸಿರು. ಆದರೆ ಕೆಂಪು ಮೋಸಗಾರ. ಹಿಂದೆ ಕಡುಹಸಿರು ತುಂಬಿದ್ದರೆ ಕ್ಯಾಮೆರಾ ದೃಶ್ಯವೇ ಕತ್ತಲೆಂದು ತಿಳಿದು ಬೆಳಕು ಏರಿಸುತ್ತದೆ, ಎಸಳಿನ ಗೆರೆಗಳೆಲ್ಲ ಕರಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಬಿಳಿ ಗಾಜಿನ ಮನೆಯೇ ಚೌಕಟ್ಟನ್ನು ತುಂಬಿದಾಗ ಇದರ ತದ್ವಿರುದ್ಧ: ಬಿಳಿ ಮಂಕಾಗುತ್ತದೆ, ಏರಿಸಬೇಕು.

ನಡುಹಗಲಿನ ಬಿಸಿಲಲ್ಲಿ ಕ್ಯಾಮೆರಾ ಚೀಲದಲ್ಲಿರುವುದೇ ಲೇಸು. ಮೋಡ ಕವಿದ ದಿನ ಬಣ್ಣಗಳು ತುಂಬಿ ಬರುತ್ತವೆ. ಪೇಲವ ಆಕಾಶವನ್ನು ಮಾತ್ರ ಹೊರಗಿಡಿ. ಮಳೆ ನಿಂತ ಮೇಲೆ ಎಲೆಗಳ ಹೊಳಪು ಬಣ್ಣವನ್ನು ನುಂಗುತ್ತದೆ, ಪೋಲರೈಸರ್ ಫಿಲ್ಟರ್ ಅದನ್ನು ತಗ್ಗಿಸುತ್ತದೆ. ದೂರದಿಂದ ಝೂಮ್ ಮಾಡಿದರೆ ವಿರಳವಾದ ಪಾತಿಯೂ ಒತ್ತೊತ್ತಾಗಿ ಕಾಣುತ್ತದೆ. ಇನ್ನು ಫೋನಿನಲ್ಲಿ ಬಣ್ಣ ಹಿಗ್ಗಿಸುವ ಚಾಳಿಯಿದೆಯಲ್ಲ, ಅದು ತೋಟಗಾರನಿಗೆ ಮಾಡುವ ಅವಮಾನ ಎಂಬುದೇ ನನ್ನ ಅಭಿಪ್ರಾಯ.

ಲಾಲ್‌ಬಾಗ್ 240 ಎಕರೆ ಇದೆ. ಗಾಜಿನ ಮನೆಯ ಮುಂದೆಯೇ ನಿಂತುಬಿಡಬೇಡಿ, ಕೆರೆಯ ಕಡೆಗೂ ನಡೆಯಿರಿ. ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ.