ಹಣ್ಣು ಕೀಳುವ ಕೈ

ಮಾಟುಂಗದ ಹೋಟೆಲಿನಲ್ಲಿ 20 ವರ್ಷ ದೋಸೆ ಹೊಯ್ದ ಕೈ ಇದು. ವಡೆಯ ಬಾಣಲೆ ವಾಲಿ ಎಣ್ಣೆ ಬಿದ್ದದ್ದು ಬಲಗೈಯ ಮೇಲ್ಭಾಗಕ್ಕೆ. ಗಾಯ ಮಾಗಿತು, ಕಷ್ಟ ಶುರುವಾದದ್ದೇ ಆಮೇಲೆ. ಸುಟ್ಟ ಚರ್ಮ ಮಾಗುತ್ತಾ ಬಿಗಿಯುತ್ತದೆ, ಬೆರಳುಗಳನ್ನು ಹಿಂದಕ್ಕೆ ಎಳೆಯುತ್ತದೆ. ದಿನಾ ಮಡಚದಿದ್ದರೆ ಗೆಣ್ಣು ಗಟ್ಟಿಯಾಗಿ ಸೌಟೂ ಹಿಡಿಯಲಾಗದು. ಮಡಚಿದರೋ, ಜೀವ ಬಾಯಿಗೆ ಬರುತ್ತದೆ.

ಒಂದು ದಿನ ಹುಬ್ಬಳ್ಳಿ ಕಡೆಯ ಫಿಸಿಯೋಥೆರಪಿ ಮೇಡಂ ನನ್ನ ಕಣ್ಣಿಗೆ ಕೃತಕ ಲೋಕ ತೋರಿಸುವ ವಿಆರ್ ಹೆಡ್‌ಸೆಟ್ ಕಟ್ಟಿದರು. "ಅಣ್ಣಾರ, ಎದುರಿಗಿರೋ ಹಣ್ಣು ಕಿತ್ತು ಬುಟ್ಟ್ಯಾಗ ಹಾಕ್ರಿ." ಹೆಡ್‌ಸೆಟ್ಟಿನ ಕ್ಯಾಮೆರಾ ಬೆರಳನ್ನೇ ನೋಡುತ್ತಿರುತ್ತದೆ, ಮುಷ್ಟಿ ಬಿಗಿದರಷ್ಟೇ ಹಣ್ಣು ಸಿಗುತ್ತದೆ. ನೋಡನೋಡುತ್ತ 50 ಸಲ ಮಡಚಿದ್ದೆ. ಬರೀ ಕುರ್ಚಿಯಲ್ಲಿ ಕೂತಿದ್ದರೆ ಹತ್ತಕ್ಕೇ ಸಾಕೆನ್ನುತ್ತಿದ್ದೆ.

ಮನಸ್ಸು ಬೇರೆಡೆ ಇದ್ದರೆ ನೋವಿನ ಕಡೆ ಗಮನ ಕಡಿಮೆಯಂತೆ. 1990ರ ದಶಕದಲ್ಲಿ ಸಿಯಾಟಲ್‌ನ ಸಂಶೋಧಕರಾದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಈ ದಾರಿ ಹಿಡಿದರು. ಅವರ 'ಸ್ನೋವರ್ಲ್ಡ್' ಆಟದಲ್ಲಿ ಸುಟ್ಟಗಾಯದವರು ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯುತ್ತಾರೆ. (ನಿಜವಾದ ಮಂಜುಗಡ್ಡೆ ಮಾತ್ರ ಸುಟ್ಟಲ್ಲಿ ಇಡಬೇಡಿ, 20 ನಿಮಿಷ ನಲ್ಲಿನೀರು ಬಿಡಿ.)

ಆಟ ಇದೆಯೆಂದು ರಾತ್ರಿ ಕೈಗೆ ಕಟ್ಟುವ ಸ್ಪ್ಲಿಂಟ್ ತಪ್ಪಲಿಲ್ಲ. ನಿನ್ನೆ ಮಸಾಲೆದೋಸೆ ಮಡಚಿದೆ. ಒಂದು ಬದಿ ಹರಿಯಿತು.